ಅರವತ್ತೊಂದರಲ್ಲಿ ಒಂಟಿ ಹಾರಾಟ: ವಿಜ್ಞಾನ ಶಿಕ್ಷಕಿ ಮಹಾಲಕ್ಷ್ಮಿಯವರು

ಕರ್ನೂಲು ಜಿಲ್ಲೆಯ ಪಡುವಣ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವರನ್ನು ನೆನೆಯುವಾಗ ಶ್ರೀಮತಿ ಮಹಾಲಕ್ಷ್ಮಿ ಬಸವಪ್ರಸಾದ್ ಅವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಅಂಗಡಿಯ ಫಲಕದಲ್ಲಿ ಇಂಗ್ಲಿಷ್ ಕಾಣುವ ನಮ್ಮ ಗಡಿಸೀಮೆಯಲ್ಲಿ ಭೌತಶಾಸ್ತ್ರವನ್ನು ತಿಳಿಗನ್ನಡದಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿದ್ದು ಒಂದು ಸಾಧನೆಯಾದರೆ, ಆ ಪಾಠದ ಸಲುವಾಗಿಯೇ ವಿಮಾನ ಹಾರಿಸುವ ಹವ್ಯಾಸಕ್ಕೆ ಬಿದ್ದು, ನಿವೃತ್ತಿಗೆ ಎಂಟು ತಿಂಗಳಿರುವಾಗ ಒಬ್ಬರೇ ಒಂದು ಸಣ್ಣ ವಿಮಾನವನ್ನು ಆಕಾಶಕ್ಕೇರಿಸಿ ಇಳಿಸಿದ್ದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದರ ಹಿಂದಿನ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವರ ಒಪ್ಪಿಗೆ ಪಡೆದೇ ಅದನ್ನು ಈ ಅಭಿನಂದನಾ ಸಂಪುಟದಲ್ಲಿ ದಾಖಲಿಸಲಾಗುತ್ತಿದೆ.

ಆದೋನಿಯ ಹಳೆಯ ಹತ್ತಿ ವ್ಯಾಪಾರಿ ಮನೆತನದಲ್ಲಿ ಹುಟ್ಟಿ, ಅಂಥದೇ ಇನ್ನೊಂದು ಮನೆಗೆ ಸೊಸೆಯಾಗಿ ಹೋದ ಮಹಾಲಕ್ಷ್ಮಿಯವರು ೧೯೯೧ರಲ್ಲಿ ಚಿಪ್ಪಗಿರಿಯಲ್ಲಿ ಕೆಲಸಕ್ಕೆ ಸೇರಿದರು. ಹನ್ನೆರಡು ವರ್ಷದ ನಂತರ ಮಾಧವರಂಗೆ ವರ್ಗವಾಯಿತು. ಅವರ ಬದುಕಿಗೆ ವಿಮಾನ ಬಂದದ್ದು ಅಲ್ಲಿಯೇ, ಒಂಬತ್ತನೆಯ ತರಗತಿಯ ತ್ರಿವೇಣಿ ಎಂಬ ಹುಡುಗಿ ಕೇಳಿದ ಒಂದು ಪ್ರಶ್ನೆಯ ರೂಪದಲ್ಲಿ. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ವಿಮಾನ ಮೇಲೇರುತ್ತದೆ ಎಂದು ಟೀಚರ್ ಪಾಠ ಮುಗಿಸುವಷ್ಟರಲ್ಲಿ ಆಕೆ ಎದ್ದು ನಿಂತಳು.

"ಮೇಡಂ, ಟೀವ್ಯಾಗ ವಿಮಾನ ತೆಳಗ್ ಮ್ಯಾಲಾಗಿ ಹಾರೋದು ನೋಡೀನ್ರಿ. ಉಬ್ಬು ಕೆಳಗ ಬಂದ್ರ ಅದು ಬೀಳಬೇಕಲ್ರಿ?"

ಮಹಾಲಕ್ಷ್ಮಿಯವರು ಸೀಮೆಸುಣ್ಣ ಕೆಳಗಿಟ್ಟು, "ನನಗೆ ಗೊತ್ತಿಲ್ಲವ್ವಾ. ತಿಳಕೊಂಡು ಹೇಳ್ತೀನಿ" ಎಂದರು. ತರಗತಿಯಲ್ಲಿ ಪಿಸುಗುಟ್ಟುವಿಕೆ ಎದ್ದಿತು. ಗೊತ್ತಿಲ್ಲ ಎನ್ನುವ ಶಿಕ್ಷಕರನ್ನು ಆ ಮಕ್ಕಳು ಅದುವರೆಗೆ ಕಂಡಿರಲಿಲ್ಲ. ತಿಳಿದುಕೊಳ್ಳಲು ಅವರಿಗೆ ಐದು ತಿಂಗಳು ಹಿಡಿಯಿತು. ಹೈದರಾಬಾದಿನಿಂದ ಪುಸ್ತಕ ತರಿಸಿದರು, ಕಾಲೇಜು ಉಪನ್ಯಾಸಕರಿಗೆ ಪತ್ರ ಬರೆದರು, ಕೊನೆಗೆ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಾಟದ ಸಿಮ್ಯುಲೇಟರ್ ಹಾಕಿಕೊಂಡು ಪರದೆಯ ಮೇಲೆ ವಿಮಾನವನ್ನು ತಾವೇ ತಲೆಕೆಳಗು ಮಾಡಿ ನೋಡಿದರು. ರೆಕ್ಕೆಯ ಉಬ್ಬಿಗಿಂತ ಅದು ಗಾಳಿಗೆ ಎಷ್ಟು ಓರೆಯಾಗಿ ಎದುರಾಗುತ್ತದೆ ಎಂಬುದೇ ಮುಖ್ಯ ಎಂದು ಮನವರಿಕೆಯಾದ ಮರುದಿನ, ಮೇಜಿನ ಮೇಲೆ ಫ್ಯಾನ್ ಇಟ್ಟು, ಮಕ್ಕಳು ಪರೀಕ್ಷೆಗೆ ತರುವ ರಟ್ಟನ್ನು ಅದರ ಮುಂದೆ ಓರೆಯಾಗಿ ಹಿಡಿಸಿದರು. ಒಬ್ಬೊಬ್ಬರ ಕೈಯಲ್ಲೂ ರಟ್ಟು ಮೇಲಕ್ಕೆ ಜಗ್ಗಿತು. ತ್ರಿವೇಣಿ ಎರಡು ಸಲ ಹಿಡಿದು ನೋಡಿದಳು. ಇಂದು ಆಕೆಯೂ ಭೌತಶಾಸ್ತ್ರದ ಶಿಕ್ಷಕಿ.

ಪಾಠ ಮುಗಿಯಿತು, ಆದರೆ ಸಿಮ್ಯುಲೇಟರ್ ಮುಗಿಯಲಿಲ್ಲ. ಊಟದ ಮೇಜಿನ ಅಂಚಿಗೆ ವಿಮಾನದ ಹಿಡಿಯೊಂದು ತಿರುಪಿನಿಂದ ಬಿಗಿದು ಕೂತಿತು, ಕೆಳಗೆ ಎರಡು ಪೆಡಲುಗಳು ಬಂದವು, ಪರದೆ ದೊಡ್ಡದಾಯಿತು. ಪತಿ ಬಸವಪ್ರಸಾದರು ಅಂದಿನಿಂದ ಮೇಜಿನ ಉಳಿದರ್ಧದಲ್ಲೇ ಉಣ್ಣುತ್ತ ಬಂದಿದ್ದಾರೆ. "ನಮ್ಮನಿಯಾಗ ಒಂದು ಕಡೆ ಜೋಳದ ರೊಟ್ಟಿ, ಇನ್ನೊಂದು ಕಡೆ ವಿಮಾನ ನಿಲ್ದಾಣ" ಎಂದು ಅವರು ಬಂದವರ ಮುಂದೆ ಹೇಳುವುದುಂಟು. ಭಾನುವಾರಗಳಂದು ವಿದ್ಯಾರ್ಥಿಗಳು ಸರದಿಯಲ್ಲಿ ಆ ಮೇಜಿಗೆ ಬರುತ್ತಿದ್ದರು. ಒಮ್ಮೆ ಶಾಲಾ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಮಕ್ಕಳಿಗೆ ಆಟ ಕಲಿಸುವಿರಾ ಎಂದು ಗದರಿದಾಗ ಟೀಚರ್ ವಾದಕ್ಕೆ ಇಳಿಯದೆ ಅವರನ್ನೇ ಮನೆಗೆ ಕರೆದೊಯ್ದು ಆ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಆ ಮಹನೀಯರು ಮೂರು ಸಲ ವಿಮಾನವನ್ನು ನದಿಗೆ ಬೀಳಿಸಿ, ನಾಲ್ಕನೆಯ ಸಲ ಇಳಿಸಿ, ಬೆವರು ಒರೆಸಿಕೊಂಡು, ಶಾಲೆಗೆ ಮರಳಿ ಸಂದರ್ಶನ ಪುಸ್ತಕದಲ್ಲಿ 'ಬಹು ಉಪಯುಕ್ತ' ಎಂದು ಬರೆದು ಹೋದರು.

ಆದೋನಿಯ ಶಾಲೆಗೆ ವರ್ಗವಾದ ಮೇಲಿನ ಒಂದು ಉಪಕಾರವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಬಿಸಿಯೂಟ ಮಾಡುತ್ತಿದ್ದ ಹುಸೇನಮ್ಮನ ಮಗಳು ಸುಷ್ಮಿತಾ ದೆಹಲಿಯಲ್ಲಿ ನರ್ಸ್. ಆಕೆಗೆ ಹೆರಿಗೆಯಾದಾಗ ಅಳಿಯ ವಿಮಾನದ ಟಿಕೆಟ್ ಕಳಿಸಿದ. ಹುಸೇನಮ್ಮ ಅಡುಗೆ ಮನೆಯ ಮೂಲೆಯಲ್ಲಿ ಕೂತು ಅತ್ತರು. ಮೊಮ್ಮಗನನ್ನು ನೋಡುವ ಆಸೆ ಇತ್ತು, ವಿಮಾನ ಹತ್ತುವ ಧೈರ್ಯವಿರಲಿಲ್ಲ. ಮಹಾಲಕ್ಷ್ಮಿಯವರು ಅವರನ್ನು ಮನೆಗೆ ಕರೆದೊಯ್ದು ಒಂದು ವಾರ ದಿನವೂ ಸಿಮ್ಯುಲೇಟರಿನ ಮುಂದೆ ಕೂರಿಸಿದರು. ಯಾವಾಗ ಬೆನ್ನು ಕುರ್ಚಿಗೆ ಒತ್ತುತ್ತದೆ, ಯಾವಾಗ ಗಾಲಿ ಒಳಗೆ ಸೇರುವ ಸದ್ದು ಬರುತ್ತದೆ, ಕಿವಿ ಮುಚ್ಚಿಕೊಂಡರೆ ಏನು ಮಾಡಬೇಕು, ಒಂದು ರೆಕ್ಕೆ ಇಳಿದರೆ ಅದು ಬೀಳುವುದಲ್ಲ, ತಿರುಗುವುದು ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ಹುಸೇನಮ್ಮ ದೆಹಲಿಯಲ್ಲಿ ಇಳಿದವರೇ ಫೋನ್ ಮಾಡಿದರು.

"ಟೀಚರಮ್ಮಾ, ನೀವು ಹೇಳಿದಂಗ ದಡ್ ಅಂತ ಗಾಲಿ ಸಪ್ಪಳ ಬಂತ್ರಿ! ಬಾಜೂಕ ಕುಂತಾಕಿ ಓದಿದಾಕಿ, ಆಕಿನ ಅಂಜಿದ್ಲು. ನಾನ ಆಕಿಗೆ ಧೈರ್ಯ ಹೇಳಿದೆ."

ಮೂರು ತಿಂಗಳ ನಂತರ ಊರಿಗೆ ಮರಳಿದ ಹುಸೇನಮ್ಮ ಶಿಕ್ಷಕರ ಕೋಣೆಗೆ ಚಹಾ ತಂದಾಗ, ಎಲ್ಲರೆದುರಿಗೆ ಸಹಜವಾಗಿ ಕೇಳಿದರು: "ನೀವು ಮೊದಲ ಸಲ ವಿಮಾನ ಹತ್ತಿದಾಗ ನಿಮಗ್ಯಾರು ಹೇಳಿಕೊಟ್ರು?"

ಮಹಾಲಕ್ಷ್ಮಿಯವರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. ನಿಜ ಏನೆಂದರೆ, ಅವರು ಅದುವರೆಗೆ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಎತ್ತರವೆಂದರೆ ಅವರಿಗೆ ಬಾಲ್ಯದಿಂದಲೂ ಭಯ. ಮಾಳಿಗೆಯ ಅಂಚಿಗೆ ಹೋದರೆ ಅಂಗಾಲು ಜುಮ್ಮೆನ್ನುತ್ತಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವ ಕೆಲಸವನ್ನು ಮದುವೆಯಾದ ವರ್ಷವೇ ಅತ್ತೆ ಇವರಿಂದ ಬಿಡಿಸಿದ್ದರು. ಇಪ್ಪತ್ತು ವರ್ಷ ಹಾರಾಟವನ್ನು ಕಲಿಸಿದವರು ತಾವು ಹಾರಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ನಾನು ಹತ್ತಿಲ್ಲ ಹುಸೇನಮ್ಮ," ಎಂದರು. "ನನಗ ಅಂಜಿಕಿ."

"ಅಯ್ಯ! ಅಂಜಿಕಿ ಇಟ್ಕೊಂಡು ನನ್ನ ಕಳಿಸಿದ್ರ್ಯಾ?" ಹುಸೇನಮ್ಮ ನಕ್ಕರು. ಕೋಣೆಯೆಲ್ಲ ನಕ್ಕಿತು. ಮಹಾಲಕ್ಷ್ಮಿಯವರೂ ನಕ್ಕರು, ಆದರೆ ಆ ಸಂಜೆ ಮನೆಗೆ ಹೋಗಿ ಸಿಮ್ಯುಲೇಟರ್ ಹಾಕಲಿಲ್ಲ. ವಾರವಿಡೀ ಹಾಕಲಿಲ್ಲ. ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಎನ್ನಲು ಅವರಿಗೆಂದೂ ನಾಚಿಕೆಯಾಗಿರಲಿಲ್ಲ. ಇದು ಹಾಗಲ್ಲ, ನಾನು ಮಕ್ಕಳಿಂದ ಏನನ್ನೋ ಮುಚ್ಚಿಟ್ಟೆ ಎಂದು ಅವರಿಗೆ ಅನ್ನಿಸುತ್ತಿತ್ತು. ಸೋಮವಾರ ತರಗತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇಸಿಗೆ ರಜೆ ಬರುತ್ತಲೇ, ಕರ್ನಾಟಕದ ಒಂದು ಹಾರಾಟ ಶಾಲೆಗೆ ಅರ್ಜಿ ಹಾಕಿದ್ದೇನೆ ಎಂದು ಪತಿಗೂ ತಿಳಿಸಿದರು.

"ಮೇಜಿನ ಮ್ಯಾಲಿನ ವಿಮಾನ ಸಾಲಲಿಲ್ಲೇನು?" ಎಂದರು ಬಸವಪ್ರಸಾದರು.

"ಸಾಲಲಿಲ್ರಿ."

ಅವರು "ಹಂಗಾದ್ರ ಕಾರ್ ನಾನ ನಡಸ್ತೀನಿ, ನಡಿ" ಎಂದರು.

ಬೋಧಕ ಭರತ್ ಮೂವತ್ತರ ಯುವಕ. ಎರಡೇ ಆಸನದ ಆ ಪುಟ್ಟ ವಿಮಾನದಲ್ಲಿ ಮೊದಲ ದಿನ ಆತ ಬೆರಗಾದ. ಹೊಸ ವಿದ್ಯಾರ್ಥಿನಿ ಎತ್ತರ ತೋರಿಸುವ ಮಾಪಕದ ಮುಳ್ಳನ್ನು ಒಂದಿಷ್ಟೂ ಅಲುಗಿಸದೆ ಹಿಡಿದಿದ್ದರು. ಮರುಗಳಿಗೆ ಆತನೇ ಹಿಡಿಯನ್ನು ಎಳೆದು ವಿಮಾನ ತಿರುಗಿಸಬೇಕಾಯಿತು. ಎದುರಿಗೆ ಸುತ್ತು ಹಾಕುತ್ತಿದ್ದ ಹದ್ದನ್ನು ಮಹಾಲಕ್ಷ್ಮಿಯವರು ಕಂಡೇ ಇರಲಿಲ್ಲ. ಹೊರಗೆ ನೋಡಬೇಕಾಗುತ್ತದೆಂಬ ಅಂಜಿಕೆಯಿಂದ ಕಣ್ಣನ್ನು ಮುಳ್ಳುಗಳಿಗೇ ಅಂಟಿಸಿಕೊಂಡಿದ್ದರು. ಎರಡನೆಯ ದಿನ ವಿಮಾನ ಮೇಲೇರಿದ ಕೂಡಲೇ ಭರತ್ ಹಳೆಯ ದಿನಪತ್ರಿಕೆಯ ಹಾಳೆಯಿಂದ ಎಲ್ಲ ಮುಳ್ಳುಗಳನ್ನೂ ಮುಚ್ಚಿಬಿಟ್ಟ.

"ಮೇಡಂ, ಈಗ ಹೊರಗೆ ನೋಡಿ."

"ಕೆಳಗ ನೋಡಿದ್ರ ಎದಿ ಹಾರತದಪ್ಪಾ."

"ಕೆಳಗೆ ಬೇಡ, ದೂರಕ್ಕೆ ನೋಡಿ. ನೆಲ, ಆಕಾಶ ಕೂಡುವಲ್ಲಿ."

ನೋಡಿದರು. ಬಯಲು, ಹೊಲದ ಬದುಗಳು, ದೂರದಲ್ಲಿ ನೀಲಿ ಗೆರೆ. ಅಂಗಾಲು ಜುಮ್ಮೆನ್ನಲಿ ಎಂದು ಕಾದರು, ಅನ್ನಲಿಲ್ಲ. ತಮ್ಮನ್ನು ಇಷ್ಟು ವರ್ಷ ಹೆದರಿಸಿದ್ದು ಎತ್ತರವಲ್ಲ, ಅಂಚು ಎಂದು ಅವರಿಗೆ ಆಗ ಹೊಳೆಯಿತು. ಇಲ್ಲಿ ಕಾಲ ಬಳಿ ಅಂಚೇ ಇರಲಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ, ಕೆಳಕ್ಕೂ ನೋಡಿದರು.

ಇದರಿಂದ ಎಲ್ಲವೂ ಸಲೀಸಾಯಿತು ಎಂದೇನಲ್ಲ. ಪರದೆಯ ಮೇಲೆ ಸಾವಿರ ಸಲ ಇಳಿಸಿದವರಿಗೆ ನಿಜವಾದ ನೆಲಕ್ಕೆ ಮೆತ್ತಗೆ ಇಳಿಸಲು ಎರಡು ವರ್ಷದ ರಜೆಗಳೆಲ್ಲ ಬೇಕಾದವು. ೨೦೨೪ರ ದಸರಾ ರಜೆಯಲ್ಲಿ, ಒಂದು ಬೆಳಿಗ್ಗೆ ಮೂರು ಸುತ್ತು ಮುಗಿದ ಮೇಲೆ ಭರತ್ ಆಸನದ ಪಟ್ಟಿ ಬಿಚ್ಚಿ ಕೆಳಗಿಳಿದು, "ಇನ್ನೊಂದು ಸುತ್ತು ನೀವೊಬ್ಬರೇ ಹೋಗಿ ಬನ್ನಿ ಮೇಡಂ" ಎಂದು ಬಾಗಿಲು ಹಾಕಿದ. ಆ ಸಲ ಹಟ ಹಿಡಿದು ಜೊತೆಗೆ ಬಂದಿದ್ದ ಹುಸೇನಮ್ಮ ಬೇಲಿಯ ಬಳಿ ಬಸವಪ್ರಸಾದರ ಪಕ್ಕ ನಿಂತಿದ್ದರು.

ಒಬ್ಬರ ಭಾರ ಕಡಿಮೆಯಾದ ವಿಮಾನ ಎಂದಿಗಿಂತ ಬೇಗ ಮೇಲೆದ್ದಿತು. ಪಕ್ಕದ ಖಾಲಿ ಆಸನದ ಕಡೆ ಅವರು ನೋಡಲಿಲ್ಲ. ಸುತ್ತು ಹಾಕಿ ಓಡುದಾರಿಗೆ ಎದುರಾದಾಗ ತಾವು ತೀರ ಎತ್ತರದಲ್ಲಿರುವುದು ತಿಳಿಯಿತು. ಮೇಜಿನ ಮೇಲಾಗಿದ್ದರೆ ಮೂತಿ ತಗ್ಗಿಸಿ ಹೇಗೋ ಇಳಿಸಿಬಿಡುತ್ತಿದ್ದರು. ರೇಡಿಯೋದಲ್ಲಿ ಭರತನ ದನಿ ಬರಲಿಲ್ಲ. ನಿರ್ಧಾರ ಅವರದೇ ಆಗಬೇಕಿತ್ತು. ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ವಿಮಾನವನ್ನು ಮತ್ತೆ ಮೇಲಕ್ಕೆತ್ತಿದರು.

ಬೇಲಿಯ ಬಳಿ ಹುಸೇನಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಯಾಕ್ರಿ, ಇಳೀಲಿಲ್ಲ? ಏನಾಯಿತ್ರಿ?"

"ಏನೂ ಆಗಿಲ್ಲವಾ," ಎಂದರು ಬಸವಪ್ರಸಾದರು, ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡು. "ಸರಿ ಬರದಿದ್ರ ಮತ್ತೊಮ್ಮೆ ಬರಬೇಕು. ಊಟ ಮಾಡ್ತಾ ಎಷ್ಟೋ ಸಲ ಕೇಳೀನಿ."

ಎರಡನೆಯ ಸಲ ವಿಮಾನ ಸರಿಯಾದ ಎತ್ತರದಲ್ಲಿ ಬಂತು, ಗಾಲಿ ಒಮ್ಮೆ ಪುಟಿಯಿತು, ಆಮೇಲೆ ನೆಲ ಹಿಡಿದು ಓಡಿತು. ಎಂಜಿನ್ ನಿಂತ ಮೇಲೂ ಮಹಾಲಕ್ಷ್ಮಿಯವರು ಸ್ವಲ್ಪ ಹೊತ್ತು ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ಭರತ್ ನಮಸ್ಕಾರ ಮಾಡಿ, "ಇಳಿದದ್ದಕ್ಕಿಂತ ಇಳಿಯದೆ ಹೋದದ್ದಕ್ಕೆ ಹೆಚ್ಚು ಅಂಕ, ಮೇಡಂ" ಎಂದ. ಹುಸೇನಮ್ಮ ಓಡಿ ಬಂದು ಅವರ ಕೈ ಹಿಡಿದುಕೊಂಡರು.

"ಅಂಜಿಕಿ ಆಗಲಿಲ್ರ್ಯಾ?"

"ಆಗಿರಬೇಕು ಹುಸೇನಮ್ಮ. ಅದನ್ನ ನೋಡಾಕ ಟೈಮ್ ಇರಲಿಲ್ಲ."

ಬಸವಪ್ರಸಾದರು ಕಾರಿನಿಂದ ಮಂಡಕ್ಕಿ ಒಗ್ಗರಣಿ, ಬಜ್ಜಿಯ ಡಬ್ಬಿ ತಂದು ವಿಮಾನದ ನೆರಳಿನಲ್ಲಿ ಬಿಚ್ಚಿ, ಮೊದಲ ತುತ್ತನ್ನು ಹೆಂಡತಿಗೆ ಕೊಟ್ಟರು.

ಕಳೆದ ಜೂನ್‌ನಲ್ಲಿ ಸೇವೆಯಿಂದ ನಿವೃತ್ತರಾದ ಮಹಾಲಕ್ಷ್ಮಿಯವರು ಈಗ ಪ್ರತಿ ಶನಿವಾರ ನಾಗಲದಿನ್ನೆಯ ಕಡೆಯ ಶಾಲೆಗಳಿಗೆ ಸಿಮ್ಯುಲೇಟರನ್ನು ಕಾರಿನಲ್ಲಿ ಹೊತ್ತೊಯ್ದು ಕಲಿಸುತ್ತಿದ್ದಾರೆ; ಹಾರಾಟದ ವಿಜ್ಞಾನದ ಬಗೆಗೆ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪುಸ್ತಕ ಬರೆಯುತ್ತಿದ್ದಾರೆ. ಇನ್ನೆಷ್ಟು ವರ್ಷ ಹಾರುತ್ತೀರಿ ಎಂದು ಕೇಳಿದವರಿಗೆ, ಅದನ್ನು ವೈದ್ಯರು ಹೇಳಬೇಕು, ಪರೀಕ್ಷೆ ಮಾಡಿ 'ಅರ್ಹರು' ಎಂದು ಬರೆದುಕೊಡುವ ತನಕ ಹಾರುತ್ತೇನೆ ಎನ್ನುತ್ತಾರೆ. ಅವರ ಶಿಷ್ಯರು, ಸಹೋದ್ಯೋಗಿಗಳು, ನೆರೆಹೊರೆಯವರು ಎಲ್ಲರೂ ಕೂಡಿ ಹಾರೈಸುವುದಿಷ್ಟೇ: ಆ ವೈದ್ಯರು ವೃದ್ಧರಾಗಿ ನಿವೃತ್ತರಾಗಲಿ, ಅವರ ಜಾಗಕ್ಕೆ ಬಂದ ಹೊಸ ವೈದ್ಯರೂ ನಮ್ಮ ಟೀಚರಿಗೆ ಅದೇ ಒಂದು ಮಾತನ್ನು ಬರೆದುಕೊಡಲಿ.