ಮೂರು ನೀರು ಕಳೆದ ಕಳಲೆ

ಬಸುರಿಯ ಬಯಕೆ ಅಂದರೆ ಹುಣಸೆಕಾಯಿ, ಮಾವಿನಕಾಯಿ ಅಂತ ಲೋಕವೆಲ್ಲ ಹೇಳುತ್ತದೆ. ನನಗೆ ಹತ್ತಿದ್ದು ಕಳಲೆಯ ಹುಚ್ಚು. ಊಟಿಯಾಚೆಯ ವೆಲ್ಲಿಂಗ್ಟನ್ನಿನಲ್ಲಿ ಅಂಗಡಿ ಇಟ್ಟಿದ್ದ ಗಂಡನ ಮನೆಯಲ್ಲಿ ಕೋಸು, ಆಲೂಗಡ್ಡೆ ತಿಂದು ತಿಂದು ನಾಲಿಗೆ ಸತ್ತುಹೋಗಿತ್ತು. ಚೊಚ್ಚಲ ಹೆರಿಗೆಗೆಂದು ಮಸಿನಗುಡಿಯ ತವರಿಗೆ ಬಂದಾಗ ಮುಂಗಾರು ಹಿಡಿದಿತ್ತು. ಹಳ್ಳದ ಬಿದಿರುಮೆಳೆಗಳಲ್ಲಿ ಎಳೆ ಮೊಳಕೆ ಏಳುವ ಕಾಲ. ಬಂದ ದಿನದಿಂದ ನನ್ನದು ಒಂದೇ ರಾಗ: ಕಳಲೆ, ಕಳಲೆ.

ಕಳಲೆ ನಮ್ಮೂರಿಗೆ ಹಬ್ಬವೂ ಹೌದು, ಭಯವೂ ಹೌದು. ಹಸಿ ಕಳಲೆಯಲ್ಲಿ ವಿಷ ಇರುತ್ತದೆ. ಹೆಚ್ಚಿ ನೆನೆಹಾಕಿ, ಆ ನೀರನ್ನು ದನ ಮೂಸದ ಕಡೆ ಒಯ್ದು ಚೆಲ್ಲಬೇಕು. ಪಕ್ಕದ ಮನೆಯವರು ಮರೆತು ಹಿತ್ತಲಲ್ಲಿ ಬಿಟ್ಟ ನೀರು ಕುಡಿದು ಅವರ ಕರು ಕಾಲು ಜಾಡಿಸಿ ಸತ್ತದ್ದನ್ನು ನಾನು ಕಣ್ಣಾರೆ ಕಂಡವಳು. ಆದರೂ ತಿನ್ನುವುದನ್ನು ಯಾರೂ ಬಿಟ್ಟಿರಲಿಲ್ಲ, ಅಂಥ ರುಚಿ ಅದು.

ಅತ್ತಿಗೆ ಆ ವರ್ಷವಷ್ಟೇ ಅಣ್ಣನನ್ನು ಮದುವೆಯಾಗಿ ಗುಂಡ್ಲುಪೇಟೆಯಾಚೆಯ ಬಯಲಿಂದ ಬಂದಿದ್ದಳು. ಬಿದಿರು ಏಣಿಗೆ, ಬುಟ್ಟಿಗೆ ಆಗುತ್ತದೆ ಅಂತ ಗೊತ್ತಿತ್ತೇ ಹೊರತು ಹೊಟ್ಟೆಗೂ ಆಗುತ್ತದೆ ಅಂತ ಅವಳು ಕೇಳಿರಲಿಲ್ಲ. ಅವ್ವನೋ, ಸೊಸೆಯ ಕೈಯಡುಗೆ ಮುಟ್ಟುತ್ತಿರಲಿಲ್ಲ. "ಬಯಲ್ ಸೀಮ ಹೆಣ್ಗ ಕಾಡ್ ಸೊಪ್ ಯಾವ್ದು, ದನದ್ ಮೇವ್ ಯಾವ್ದು ಅಂತ ಗೊತ್ತಾದದಾ?" ಅನ್ನುತ್ತ ತನ್ನ ಮುದ್ದೆಯನ್ನು ತಾನೇ ತೊಳಸಿಕೊಳ್ಳುತ್ತಿದ್ದಳು. ಅತ್ತಿಗೆ ಒಲೆ ಊದಿಕೊಂಡಿರುತ್ತಿದ್ದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮುದ್ದೆಕೋಲು ಮುರಿದು ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅಣ್ಣ ಹಳ್ಳದಿಂದ ಕಳಲೆ ಕಡಿದು ತಂದು ಅಡುಗೆಮನೆಯಲ್ಲಿಟ್ಟು, ಕುಂಬಳಕಾಯಿಯ ಗಾಡಿ ಕಟ್ಟಿಕೊಂಡು ಸೀಗೂರು ಘಾಟಿ ಹತ್ತಿ ಊಟಿ ಸಂತೆಗೆ ಹೋದ. ಬೊಕ್ಕಾಪುರದ ಚಿಕ್ಕವ್ವನಿಗೆ ಜ್ವರ ಅಂತ ಅವ್ವನೂ ಹೊರಟಳು, ನಾಕು ದಿನ ಇದ್ದು ಬರಲು. ಬಾಗಿಲಲ್ಲಿ ತಿರುಗಿ ಸೊಸೆಗೆ, "ಮೂರ್ ನೀರ್ ಕಳ್ದು ಪಲ್ಯ ಮಾಡ್ಕೊಡು ಇವಳ್ಗ. ಮರೀಬ್ಯಾಡ, ಮೂರ್ ನೀರು!" ಅಂದಳಂತೆ. ನಾನಿನ್ನೂ ಗೊರಕೆ ಹೊಡೆಯುತ್ತಿದ್ದೆ.

ಮಧ್ಯಾಹ್ನ ಮುದ್ದೆ, ಸಾರು, ಕಳಲೆ ಪಲ್ಯ! ಮೊದಲ ಮಳೆಯಲ್ಲೇ ಅವ್ವ ಭರಣಿಯಲ್ಲಿ ಹುಳಿಬರಿಸಿಟ್ಟ ಕಳಲೆ ಇತ್ತಲ್ಲ, ಅದರದ್ದೇ ಅಂದುಕೊಂಡೆ. ಹುಳಿ ಯಾಕೋ ಕಮ್ಮಿ ಅನ್ನಿಸಿತು, ಆದರೆ ಬಾಯಿ ಕೇಳಬೇಕಲ್ಲ. ಎರಡು ಸಲ ಹಾಕಿಸಿಕೊಂಡೆ, ಸಾರನ್ನು ಬಟ್ಟಲೆತ್ತಿ ಕುಡಿದೆ. "ಇನ್ನೊಂಚೂರು ಹಾಕತ್ಗೆ" ಅಂದಾಗ ಅವಳ ಮುಖ ನೋಡಬೇಕಿತ್ತು. ಆ ಮನೆಯಲ್ಲಿ ಅವಳಿಗೆ ಎರಡನೇ ಸಲ ಬಡಿಸು ಅಂದವರು ಅಲ್ಲಿಯತನಕ ಯಾರೂ ಇರಲಿಲ್ಲ.

ನಾನು ಕೈ ತೊಳೆಯುವಷ್ಟರಲ್ಲಿ ಅವ್ವ ವಾಪಸು ಬಂದಳು. ದಾರಿಯಲ್ಲಿ ಆನೆ ಹಿಂಡು ಅಡ್ಡ ನಿಂತಿತ್ತಂತೆ. ಒಳಗೆ ಕಾಲಿಟ್ಟವಳೇ ಮೂಗರಳಿಸಿದಳು.

"ಕಳ್ಲ ಬೇಯ್ಸಿದ್ದೀಯಾ? ಯಾವ ಕಳ್ಲ?"

"ಬೆಳಗ್ಗ ತಂದದ್ದೇ, ಅತ್ತೆಮ್ಮ. ಮೂರ್ ನೀರೂ ಕಳ್ದಿ" ಅಂದಳು ಅತ್ತಿಗೆ, ಹೆಮ್ಮೆಯಿಂದಲೇ.

"ಅಯ್ಯೋ ನನ್ ಸಿವ್ನೇ!" ಅಂದ ಅವ್ವ ಕೂತೇಬಿಟ್ಟಳು.

ನಮ್ಮಲ್ಲಿ ಒಂದು ನೀರು ಅಂದರೆ ಒಂದು ರಾತ್ರಿ. ಇವತ್ತು ಹಾಕಿದ ನೀರನ್ನು ನಾಳೆ ಬೆಳಿಗ್ಗೆ ಚೆಲ್ಲಿದರೆ ಒಂದು ನೀರು ಕಳೆದ ಲೆಕ್ಕ. ಮೂರನೆಯದು ಕಳೆಯುವಾಗ ತುಸು ಹುಳಿ ವಾಸನೆ ಬಂದಿರಬೇಕು. ಅದನ್ನು ಬಿಡಿಸಿ ಹೇಳಬೇಕು ಅಂತ ಅವ್ವನಿಗೆ ಹೊಳೆದೇ ಇರಲಿಲ್ಲ. ನನಗೋ, ಕಣ್ಣ ಮುಂದೆ ಆ ಕರುವಿನ ಕಾಲುಗಳೇ ಬಂದವು. ಅಣ್ಣನ ಗಾಡಿ ಘಾಟಿಯ ಮೇಲೆ, ಡಾಕ್ಟರು ಊಟಿಯಲ್ಲಿ. ಹೊಟ್ಟೆ ಮುಟ್ಟಿಕೊಂಡೆ. ದಿನವಿಡೀ ಒದೆಯುತ್ತಿದ್ದ ಕೂಸು ಸುಮ್ಮನಿತ್ತು. ನನಗೆ ಸಾಯುವಷ್ಟು ಹೆದರಿಕೆಯಾಯಿತು.

"ಎಂಗ್ ಕಳ್ದೆ? ಬರೀ ತೊಳ್ದ್ ಚೆಲ್ದಾ?" ಅವ್ವ ಸೊಸೆಯ ರಟ್ಟೆ ಹಿಡಿದಳು.

"ಇಲ್ಲ... ಬೇಯ್ಸಿ ಬಸ್ದಿ. ಒಂದೊಂದ್ ಸಲಕ್ಕೂ ಬೇರೆ ನೀರಾಕಿ, ಮೂರ್ ಸಲ."

ಬಯಲುಸೀಮೆಯವಳಿಗೆ ನೀರು ಕಳೆಯುವುದು ಅಂದರೆ ಬಸಿಯುವುದು. ಬಸ್ಸಾರಿನ ನಾಡಿನವಳಲ್ಲವೇ! ಬೇಯಿಸಿ ಬಸಿದರೂ ವಿಷ ಇಳಿಯುತ್ತದಲ್ಲ, ಅವ್ವನ ಮುಖ ಒಂದು ಗಳಿಗೆ ತಿಳಿಯಾಯಿತು, ಮರುಗಳಿಗೆ ಇನ್ನೂ ಕಪ್ಪಿಟ್ಟಿತು. ಬಸ್ಸಾರಿನವರು ಬಸಿದ ಕಟ್ಟನ್ನು ಚೆಲ್ಲುವುದುಂಟೇ? ಅದರಲ್ಲೇ ಸಾರು ಮಾಡುತ್ತಾರೆ. ಬೇಯಿಸಿದ ಕಳಲೆಯ ವಿಷವೆಲ್ಲ ಇಳಿದಿರುವುದು ಆ ಕಟ್ಟಿಗೆ. ನಾನು ಬಟ್ಟಲೆತ್ತಿ ಸಾರು ಕುಡಿದಿದ್ದೆ.

"ಬಸ್ದ ಕಟ್ಟೆಲ್ಲಿ?" ಅಂದಳು ಅವ್ವ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಬಾಯ್ ಬುಡತ್ಗೆ! ನಾನ್ ಕುಡ್ದದ್ದು ಯಾವ್ ಸಾರು?" ಅಂತ ನಾನು ಕಿರುಚಿದೆ.

ಅವಳು ಒರಳಿನ ಹಿಂದೆ ಬೋರಲು ಹಾಕಿದ್ದ ಬಿದಿರುಕುಕ್ಕೆಯ ಕಡೆ ಕೈ ತೋರಿಸಿದಳು. ಅವ್ವ ಹೋಗಿ ಕುಕ್ಕೆ ಎತ್ತಿದಳು. ಕೆಳಗೊಂದು ಮಡಕೆ, ಕಂಠಮಟ್ಟ ಕಟ್ಟು. ಬೆರಳದ್ದಿ ನಾಲಿಗೆಗೆ ಸೋಕಿಸಿ "ಥೂ!" ಅಂತ ಉಗಿದಳು. ಹಾಲಾಹಲದಂಥ ಕಹಿ.

"ನಮ್ಮೂರಲ್ಲಿ ಕಟ್ ಚೆಲ್ಲುದ್ರ ದರಿದ್ರ ಅಂತಾರ, ಅತ್ತೆಮ್ಮ" ಅಂತ ಅತ್ತಿಗೆ ಬಿಕ್ಕಿದಳು. "ನಾಲ್ಗ್ ಮ್ಯಾಲ ಇಟ್ರ ಬರೀ ಕಯ್ಯಿ. ಬಡ್ಸಕೂ ಆಗ್ನಿಲ್ಲ, ಚೆಲ್ಲಕೂ ಕೈ ಬರ್ನಿಲ್ಲ. ನೀವ್ ಬಯ್ತೀರಿ ಅಂತ ಮುಚ್ಚಿ ಮಡಗ್ದಿ. ಸಾರು ಹುರುಳಿಕಾಳ್ದು."

ಹುರುಳಿಕಾಳು! ಆ ಕಾಳಿನ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಹೋಗಿಲ್ಲ. ಹೋದ ಜೀವ ಬಂದ ಹಾಗಾಗಿ ಗೋಡೆಗೊರಗಿ ಕೂತು, ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನದು ಪಕ್ಕೆಗೆ ಜಾಡಿಸಿ ಒಂದು ಒದೆ ಕೊಟ್ಟಿತು. "ಒದೀತು ಕನವ್ವಾ!" ಅಂತ ಕೂಗಿದೆ. ಅವ್ವ ಓಡಿಬಂದು ಕೈಯಿಟ್ಟು ನೋಡಿದಳು, ಇನ್ನೊಂದು ಒದೆ ಬರುವವರೆಗೂ ಕೈ ತೆಗೆಯಲಿಲ್ಲ.

ಆಮೇಲೆ ಮಡಕೆಯನ್ನು ತಾನೇ ಹೊತ್ತುಕೊಂಡು ದನ ಹೋಗದ ಬೇಲಿಯಾಚೆ ಒಂದು ಗುಳಿ ತೋಡಿ, ಕಟ್ಟನ್ನು ಅದರೊಳಕ್ಕೆ ಸುರಿದು ಮಣ್ಣು ಮುಚ್ಚಿ ಬಂದಳು. ಈಗ ಅತ್ತಿಗೆಗೆ ಗ್ರಹಚಾರ ಕಾದಿದೆ ಅಂದುಕೊಂಡೆ. ಜಗಳಕ್ಕೆ ಬಿದ್ದರೆ ಅತ್ತಿಗೆಯ ಪರ ನಾನೇ ನಿಲ್ಲಬೇಕು ಅಂತ ಸೆರಗು ಬಿಗಿದುಕೊಂಡೂ ಇದ್ದೆ.

ಅವ್ವ ಕೈಕಾಲು ತೊಳೆದು ಒಳಗೆ ಬಂದವಳು ಮಣೆ ಎಳೆದು ಕೂತಳು.

"ಪಲ್ಯ ಮಿಕ್ಕದಾ?"

"ಅದ ಅತ್ತೆಮ್ಮ... ಅದ್ನೂ ಚೆಲ್ಬುಡ್ಲಾ?"

"ಚೆಲ್ಲದ್ಯಾಕ? ನನ್ ಮಗ್ಳು ಮೊಮ್ಮಗ ಇಬ್ರೂ ಉಂಡವ್ರ. ನಂಗೂ ಬಡ್ಸವ್ವ."

ಅತ್ತಿಗೆ ಒಂದು ಸೌಟು ಹಾಕಿದಳು. ಅವ್ವ ತಿಂದು ಮುಗಿಸಿ ತಟ್ಟೆಯನ್ನು ಮತ್ತೆ ಮುಂದೆ ಸರಿಸಿದಳು.