ಕೆಳಗಿನ ಹೊಲದ ಆಣೆ

ತಲೆಯ ಮೇಲೆ ಮಣ್ಣು ಹೊತ್ತು ನಾನು ಹೇಳಿದ್ದು ಸುಳ್ಳು. ಕೆಳಗಿನ ಹೊಲ ನನ್ನೊಬ್ಬನದಾಗಿರಲಿಲ್ಲ. ಅದು ನನಗೂ ನನ್ನ ದೊಡ್ಡಪ್ಪನ ಮಗ ಈರಣ್ಣನಿಗೂ ಸೇರಿದ, ಯಾರೂ ಯಾವತ್ತೂ ಪಾಲು ಮಾಡದ ಹೊಲ. ಅದನ್ನು ನನ್ನದೆಂದು ಆಣೆ ಮಾಡಿ ಮಾರಿದೆ.

ಇಷ್ಟನ್ನು ಬರೆಯಲು ಐದು ವರ್ಷ ಹಿಡಿಯಿತು. ಈಗಲೂ ಹೆದರಿಕೊಂಡೇ ಬರೆಯುತ್ತಿದ್ದೇನೆ. ಕೋರ್ಟಿನ ಹೆದರಿಕೆ ಅಲ್ಲ, ಊರವರ ಹೆದರಿಕೆಯೂ ಅಲ್ಲ. ಯಾವುದರ ಹೆದರಿಕೆ ಎಂದು ಹೇಳಿದರೆ ನನ್ನಷ್ಟು ಓದಿದವರು ನಗುತ್ತಾರೆ. ನಗಲಿ. ನಾನು ಮದ್ರಾಸಿನಲ್ಲಿ ಬಿ.ಎ. ಓದಿ ಬಳ್ಳಾರಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಚರಿತ್ರೆ ಹೇಳುವವನು. ದಿನವೂ ದಿನಚರಿ ಬರೆಯುವ ಚಾಳಿಯೂ ಇದೆ. ಮಣ್ಣು ಹೊತ್ತ ದಿನ ಏನು ಬರೆದಿದ್ದೇನೆಂದು ಮೊನ್ನೆ ತೆಗೆದು ನೋಡಿದೆ: 'ಊರಿಗೆ ಹೋಗಿ ಬಂದೆ. ಬಿಸಿಲು ಬಹಳ.' ಅಷ್ಟೇ. ಉಳಿದದ್ದನ್ನೆಲ್ಲ ನೆನಪಿನಿಂದಲೇ ತೆಗೆಯಬೇಕು. ನನ್ನ ನೆನಪೋ, ಯಾವಾಗಲೂ ನನ್ನ ಪರವಾಗಿಯೇ ವಕಾಲತ್ತು ಮಾಡುತ್ತದೆ.

ನಮ್ಮೂರು ಸಿರಿಗೇರಿಯ ಆಚೆಗಿದೆ. ಎರೆಭೂಮಿ. ಅಪ್ಪ ತೀರಿಕೊಂಡ ಮೇಲೆ ಹೊಲವನ್ನೆಲ್ಲ ಈರಣ್ಣನೇ ಉಳುತ್ತಿದ್ದ. ಸುಗ್ಗಿಯಾದ ಮೇಲೆ ನನ್ನ ಪಾಲಿನ ಜೋಳ, ಹತ್ತಿ ಗಾಡಿಯಲ್ಲಿ ಬಳ್ಳಾರಿಗೆ ಬರುತ್ತಿತ್ತು. ಒಂದು ವರ್ಷವೂ ನಾನು ಕೇಳಬೇಕಾಗಲಿಲ್ಲ. ಹೀಗಿರುವಾಗ ತುಂಗಭದ್ರೆಗೆ ಆಣೆಕಟ್ಟು ಕಟ್ಟಲು ಶುರು ಮಾಡಿದರು. ಸರ್ವೆಯವರು ಬಂದು ಕಾಲುವೆಯ ಗುರುತಿನ ಕಲ್ಲುಗಳನ್ನು ನಮ್ಮ ಹೊಲದ ನಡುವೆಯೇ ನೆಟ್ಟು ಹೋದರು. ಕಲ್ಲಿನಿಂದ ಮೇಲಿನ ಹೊಲಕ್ಕೆ ನೀರು ಹತ್ತುವುದಿಲ್ಲ. ಕೆಳಗಿನದೆಲ್ಲ ಮುಂದೆ ಭತ್ತದ ಗದ್ದೆ. ಚೌಳು ಎಂದು ಯಾರೂ ಮೂಸಿ ನೋಡದಿದ್ದ ಕೆಳಗಿನ ಹೊಲವನ್ನು ಕೊಳ್ಳಲು ಕರಾವಳಿ ಆಂಧ್ರದ ರೈತರು ಬರತೊಡಗಿದರು. ಅವರಲ್ಲೊಬ್ಬರು ಬಳ್ಳಾರಿಯಲ್ಲಿ ನನ್ನ ಮನೆಗೇ ಬಂದರು.

ಆಗ ನನಗೆ ಎರಡು ಚಿಂತೆ. ಬಾಡಿಗೆ ಮನೆ ಸಾಕಾಗಿತ್ತು, ಹೆಂಡತಿ ಶಾರದಾ ಬಸುರಿ. ಇನ್ನೊಂದು, ಇನ್ನು ಮುಂದೆ ಉಳುವವನಿಗೇ ಭೂಮಿಯಂತೆ ಎಂದು ಊರೆಲ್ಲ ಮಾತಾಡುತ್ತಿತ್ತು. ಹಾಗಾದರೆ ಈರಣ್ಣನದೇ ಎಲ್ಲ — ಎಂದು ನನ್ನೊಳಗೆ ಯಾರೋ ಅಂದರು. ಯಾರೋ ಅಲ್ಲ, ನಾನೇ ಅಂದದ್ದು.

ಈರಣ್ಣ ಮಾರುವುದು ಬೇಡವೆಂದ. "ನೀರು ಬರ್ಲಿ ತಡಿಯಲೇ ತಮ್ಮಾ. ಬಂದ ಮ್ಯಾಲೆ ಇಬ್ರೂ ಉಣ್ಣೂಣು. ಇಲ್ಲಾ ಈಗ್ಲೇ ಬೇಕಂದ್ರ ಮ್ಯಾಗಿಂದ್ರಾಗ ಅರ್ಧ, ಕೆಳಗಿಂದ್ರಾಗ ಅರ್ಧ ತಗೊಂಡು ಮಾರ್ಕೋ." ಇದಕ್ಕಿಂತ ನ್ಯಾಯವಾದ ಮಾತು ಇರಲಿಲ್ಲ. ಆದರೆ ಕೊಳ್ಳುವವರಿಗೆ ಅರ್ಧ ಬೇಡವಾಗಿತ್ತು. "ಗೊಡವ ಉಂಟೆ ನಾಕೊದ್ದು ಸಾರ್," ಎಂದರು. ತಕರಾರಿದ್ದರೆ ಬೇಡ, ಕೆಳಗಿನದು ಪೂರ್ತಿ ಸಿಕ್ಕರೆ ಸರಿ.

ಅವರ ಎದುರಿಗೇ ಆ ಮಾತು ನನ್ನ ಬಾಯಿಂದ ಬಂತು: "ಕೆಳಗಿನ ಹೊಲ ನಂದ ಐತಿ. ದೊಡ್ಡಪ್ಪ, ಅಪ್ಪ ಇಬ್ರೂ ಬಾಯಿಮಾತಿಲೆ ಪಾಲು ಮಾಡ್ಕೊಂಡಿದ್ರು. ಅಪ್ಪ ಸಾಯೋ ಮುಂದ ಹೇಳಿದ್ರು."

ಅಪ್ಪ ಸಾಯುವ ಮುಂಚೆ ಏನು ಹೇಳಿದರೆಂಬುದು ಈಗ ನನಗೆ ಸ್ಪಷ್ಟವಿಲ್ಲ. ಏನನ್ನು ಹೇಳಿರಲಿಲ್ಲ ಎಂಬುದು ಸ್ಪಷ್ಟವಾಗಿದೆ.

ಊರಿನ ಗೌಡರು ನಮ್ಮಿಬ್ಬರನ್ನೂ ಕರೆಸಿದರು. ಬರೆದ ಕಾಗದವಿಲ್ಲ, ಕೇಳಿದ ಸಾಕ್ಷಿಗಳಿಲ್ಲ. ಇಂಥ ಜಗಳಕ್ಕೆ ನಮ್ಮಲ್ಲಿ ಹಿಂದಿನಿಂದ ಒಂದು ದಾರಿ ಇದೆ. ನನ್ನದು ಎನ್ನುವವನು ತಲೆಗೆ ನೀರು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ, ಅದೇ ಹೊಲದ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ತನ್ನ ಗಡಿ ಇದು ಎಂದು ನಡೆದು ತೋರಿಸಬೇಕು. ಅವನು ನಡೆದದ್ದೇ ಗಡಿ. ಆಮೇಲೆ ಯಾರೂ ಎದುರು ಮಾತಾಡುವಂತಿಲ್ಲ. ಸುಳ್ಳು ಹೊತ್ತಿದ್ದರೆ ಅದು ಹೊತ್ತವನನ್ನು ಕಾಡುವುದಿಲ್ಲ, ಅವನ ಮಕ್ಕಳನ್ನು ಕಾಡುತ್ತದೆ ಎನ್ನುತ್ತಾರೆ.

"ಹೊರ್ತಿಯೇನಪಾ?" ಗೌಡರು ಕೇಳಿದರು.

"ಹೊರ್ತೀನ್ರಿ," ಎಂದೆ. ಒಂದು ಹೆಂಟೆ ಮಣ್ಣಿಗೆ ಹೆದರುವಷ್ಟು ದಡ್ಡನಲ್ಲ ನಾನು ಎಂಬ ಜಂಬವೂ ಆ ಮಾತಿನಲ್ಲಿತ್ತು.

ಆಗ ಈರಣ್ಣ ಎದ್ದು ಬಂದು ನನ್ನ ರಟ್ಟೆ ಹಿಡಿದ. ಈ ಒಂದು ಗಳಿಗೆಯನ್ನು ನೆನಪು ಎಷ್ಟು ತಿದ್ದಲು ಹೋದರೂ ತಿದ್ದಲಾಗಿಲ್ಲ. "ಬ್ಯಾಡ ಬಿಡಲೇ. ಹೊಲ ನೀನ ತಗೋ, ಮಾರ್ಕೋ ಹೋಗು. ಮಣ್ಣು ಮಾತ್ರ ಹೊರಬ್ಯಾಡ. ಮನ್ಯಾಗ ಬಸುರಿ ಅದಾಳ."

ಅಲ್ಲಿಗೇ ನಿಲ್ಲಿಸಬಹುದಿತ್ತು — ಹೊಲವೂ ಸಿಗುತ್ತಿತ್ತು. ಆದರೆ ಕೊಳ್ಳುವವರು ಗಾಡಿಯ ಪಕ್ಕ ನಿಂತು ನೋಡುತ್ತಿದ್ದರು. ಇವತ್ತು ಬಿಟ್ಟುಕೊಟ್ಟ ಅಣ್ಣ ನಾಳೆ ದಾವಾ ಹಾಕಿದರೆ? ಮಣ್ಣು ಹೊತ್ತುಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಕೈ ಬಿಡಿಸಿಕೊಂಡೆ. ಹೊತ್ತೆ. ನಡೆದೆ. ಒದ್ದೆ ಮಣ್ಣು ಕರಗಿ ಕಿವಿಯ ಹಿಂದೆ ಇಳಿಯುತ್ತಿತ್ತು. ಬದುವಿನ ಮೇಲೆ ನಿಂತಿದ್ದ ಈರಣ್ಣನ ಹೆಂಡತಿ ನಿಂಗಮ್ಮ ಎಲ್ಲರಿಗೂ ಕೇಳುವಂತೆ ಅಂದಳು: "ಓದಿದವ್ರ ತಲಿಮ್ಯಾಲೆ ಮಣ್ಣೂ ಹಗುರ ಬಿಡ್ರಿ!"

ಯಾರೋ ನಕ್ಕರು. ಈರಣ್ಣ ನಗಲಿಲ್ಲ. ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ, ನೋಡಬಾರದ್ದನ್ನು ನೋಡದವನ ಹಾಗೆ.

ಹೊಲ ಮಾರಿದೆ. ಬಳ್ಳಾರಿಯಲ್ಲಿ ಮನೆಯಾಯಿತು. ಕಮಲಿ ಹುಟ್ಟಿದಳು. ಹೆದರಿಕೆ ಯಾವಾಗ ಒಳಗೆ ಬಂತೋ ಹೇಳಲಾರೆ. ಬಹುಶಃ ಅವಳನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗಲೇ. ಅವಳು ಕೆಮ್ಮಿದರೆ ನನ್ನ ಕಿವಿಯ ಹಿಂದೆ ತಣ್ಣಗಾಗುತ್ತಿತ್ತು. ಮೂಢನಂಬಿಕೆಯ ಮೇಲೆ ಶಾಲೆಯಲ್ಲಿ ಭಾಷಣ ಮಾಡಿ ಬಂದು, ಅವಳು ಉಸಿರಾಡುತ್ತಿದ್ದಾಳೆಯೇ ಎಂದು ತೊಟ್ಟಿಲಲ್ಲಿ ಬಗ್ಗಿ ನೋಡುತ್ತಿದ್ದೆ.

ವರ್ಷ ತುಂಬುವ ಮೊದಲು ಅವಳಿಗೆ ಜ್ವರ ಬಂತು. ಇಳಿಯಲಿಲ್ಲ. ಕೈಕಾಲು ಸೆಟೆದು ಕಣ್ಣು ಮೇಲೆ ಸಿಕ್ಕಿಸಿಕೊಂಡಳು. ಡಾಕ್ಟರು ಬಂದು ಹೋಗುತ್ತಿದ್ದರು. ಹತ್ತಿ ಗಾಡಿಯವರ ಬಾಯಿಂದ ಸುದ್ದಿ ಊರಿಗೆ ಮುಟ್ಟಿತು. ಒಂದು ಮಧ್ಯಾಹ್ನ ಈರಣ್ಣ ಬಾಗಿಲಲ್ಲಿ ನಿಂತಿದ್ದ, ಮೊಣಕಾಲವರೆಗೂ ಧೂಳು.

"ಹೇಳಿ ಬಂದೆ," ಎಂದ.

"ಏನಂತ?"

"ಹನುಮಪ್ಪನ ಗುಡಿ ಕಟ್ಟಿಮ್ಯಾಲೆ, ಗೌಡ್ರ ಮುಂದ, ಎಲ್ರ ಮುಂದ. ತಮ್ಮ ಹೊತ್ತಿದ್ದು ಖರೆ ಮಣ್ಣು, ನಮ್ಮಪ್ಪನೂ ನನಗ ಹಂಗ ಹೇಳಿದ್ದ, ಆಸಿಗೆ ಬಿದ್ದು ನಾನ ಸುಳ್ಳಾಡಿದೆ ಅಂತ."

ನಮ್ಮ ಕಡೆ ಹಾಗೊಂದು ಕಟ್ಟಳೆ ಉಂಟು: ಎದುರಾಳಿಯೇ ಬಂದು ಆಣೆ ಖರೆ ಎಂದು ಒಪ್ಪಿದರೆ ಹೊತ್ತವನ ಮೇಲೆ ದೋಷವಿಲ್ಲ. ಅವನ ಮುಖವನ್ನೇ ನೋಡಿದೆ. ಅವನೇ ನಕ್ಕ.

"ಹಂಗ್ಯಾಕ ನೋಡ್ತೀಯಲೇ? ಸುಳ್ಳ ಅನ್ನಿಸಿಕೊಂಡ್ರ ನನ್ನ ಮೀಸಿ ಉದುರ್ತಾವೇನು? ನೀ ಬಿ.ಎ. ಓದಿದಾವ, ನಿನಗ ಇದ್ರಾಗ ನಂಬಿಕಿ ಇಲ್ಲ. ನನಗ ಐತಲ್ಲ."

ಕಮಲಿಯ ಜ್ವರ ಇಳಿಯಿತು. ಅವನು ಬರುವ ಮೊದಲೇ ಇಳಿಯತೊಡಗಿತ್ತೋ, ಬಂದ ಮೇಲೋ? ಡಾಕ್ಟರ ಔಷಧಿಗೋ? ಎಷ್ಟು ಸಲ ನೆನೆದರೂ ಹಿಂದುಮುಂದಾಗುತ್ತದೆ. ಒಂದು ಮಾತ್ರ ಹಿಂದುಮುಂದಾಗುವುದಿಲ್ಲ. ನಾನು ಅವನ ಜೊತೆ ಊರಿಗೆ ಹೋಗಿ 'ಇಲ್ಲ, ಸುಳ್ಳು ನನ್ನದು' ಎನ್ನಲಿಲ್ಲ. ಶಾರದಾಗೂ ಹೇಳಲಿಲ್ಲ. ಬರಬರುತ್ತ ಇನ್ನೂ ಹೇಸಿಗೆಯಾದದ್ದೊಂದು ನಡೆಯಿತು — ಈರಣ್ಣನ ಆ ಮಾತನ್ನು ನಾನೇ ಸಾಕ್ಷಿಯಾಗಿ ಹಿಡಿದೆ. ಅವನೇ ಒಪ್ಪಿದ ಮೇಲೆ, ಅಪ್ಪ ನಿಜವಾಗಿಯೂ ಹಾಗೆ ಹೇಳಿದ್ದರೇನೋ! ಕೆಲವು ದಿನ ಅಪ್ಪನ ದನಿಯೂ ಕೇಳಿದಂತಾಗುತ್ತಿತ್ತು.

ಊರಲ್ಲಿ ಅವನಿಗೆ ಏನಾಯಿತೆಂದು ನನಗೆ ಗೊತ್ತಿತ್ತು. ಮೊದಲೆಲ್ಲ ಬದುವಿನ ಜಗಳಕ್ಕೆ ಅವನ ಮಾತೇ ಕಡೆಯ ಮಾತು. ಆಮೇಲೆ ಯಾರೂ ಕರೆಯಲಿಲ್ಲ. ತಮ್ಮನ ತಲೆಗೆ ಮಣ್ಣು ಹೊರಿಸಿದವ ಎಂಬ ಹೆಸರಾಯಿತು.

ಈ ವರ್ಷ ಕಾಲುವೆಗೆ ನೀರು ಬಂತು. ಹೋದ ವಾರ ಕುರುಗೋಡಿನಿಂದ ಇಬ್ಬರು ಹಿರಿಯರು ನನ್ನ ಮನೆಗೆ ಬಂದರು. ಈರಣ್ಣನ ಮಗಳು ಗಂಗಮ್ಮನನ್ನು ತಮ್ಮ ಮನೆಗೆ ತಂದುಕೊಳ್ಳಲು ನೋಡಿದ್ದರು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಒಬ್ಬರು ಕೇಳಿದರು: "ಹುಡುಗಿ ಬಂಗಾರದಂಥಾಕಿ, ಮೇಷ್ಟ್ರೇ. ಆದ್ರ ಅವರಪ್ಪಂದೊಂದು ಮಾತು ಕಿವಿಗೆ ಬಿತ್ತು. ಹೊಲದ ಆಸಿಗೆ ಸುಳ್ಳು ಹೇಳಿ ತಮ್ಮನ ಮ್ಯಾಲೆ ಮಣ್ಣು ಹೊರಿಸಿದ್ನಂತ. ಆ ತಮ್ಮ ನೀವ ಅಲ್ರಿ. ನೀವು ಹೇಳ್ರಿ, ಖರೇನ?"

ಕಮಲಿ ನನ್ನ ತೊಡೆಯ ಮೇಲೆ ಕೂತಿದ್ದಳು. ಇಲ್ಲ ಎಂದರೆ ಈರಣ್ಣ ಗುಡಿಯ ಕಟ್ಟೆಯ ಮೇಲೆ ಆಡಿದ್ದು ಸುಳ್ಳಾಗುತ್ತದೆ. ಅದು ಸುಳ್ಳಾದರೆ ನಾನು ಹೊತ್ತದ್ದು ಮತ್ತೆ — ಅವಳ ಮೇಲೆ — ಈ ವಾಕ್ಯವನ್ನು ಪೂರ್ತಿ ಬರೆಯಲು ಈಗಲೂ ಆಗುತ್ತಿಲ್ಲ.

"ಹಳೇ ಮಾತು, ಈಗ್ಯಾಕ ಬಿಡ್ರಿ," ಎಂದೆ.

"ಅಂದ್ರ ಖರೆ ಅಂದಂಗಾತು," ಎಂದು ಅವರು ಎದ್ದರು.

ಸಂಬಂಧ ಬೇಡವೆಂದು ಊರಿಗೆ ಹೇಳಿ ಕಳಿಸಿದರಂತೆ. ಈರಣ್ಣನಿಂದ ನನಗೆ ಒಂದು ಮಾತೂ ಬಂದಿಲ್ಲ. ಅವರು ನನ್ನನ್ನು ಕೇಳಿ ಹೋದದ್ದು ಅವನಿಗೆ ಗೊತ್ತಿದೆಯೋ ಇಲ್ಲವೋ.

ನಿನ್ನೆ ಎಲ್ಲವನ್ನೂ ಶಾರದಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಹಂಗಾದ್ರ ಭಾವ ಆವತ್ತು ನನ್ನ ಕೂಸಿಗೋಸ್ಕರ ಸುಳ್ಳ ಆದ್ರು."

"ಹೌದು."

"ಕೂಸಿನ ಮ್ಯಾಲೆ ಹಾಕಿದ್ದು ನೀವು. ತಮ್ಮ ಮ್ಯಾಲೆ ಎಳ್ಕೊಂಡಿದ್ದು ಅವ್ರು. ಈಗ ಆ ಹುಡುಗಿ ಮ್ಯಾಲೆ ಬಿದ್ದೈತಿ." ಅವಳು ಮೊರ ಬದಿಗಿಟ್ಟಳು. "ಕುರುಗೋಡಿಗೆ ಹೋಗ್ರಿ. ಊರಿಗೂ ಹೋಗ್ರಿ. ಆದ್ರ ಹೇಳೋ ಮುಂದ ನನ್ನ ಕೂಸಿನ ಹೆಸರು ಮಾತ್ರ ತಗೀಬ್ಯಾಡ್ರಿ."

ಅವಳೂ ಹೆದರಿದ್ದಾಳೆ. ಆದರೂ ಹೋಗು ಎಂದಳು.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಮುರಿದ ಸಂಬಂಧ ಕೂಡುತ್ತದೆಂದು ಹೇಳಲಾರೆ, ಈರಣ್ಣ ನನ್ನನ್ನು ಒಳಗೆ ಕರೆಯುತ್ತಾನೆಂದೂ ಹೇಳಲಾರೆ. ಹೇಳಬೇಕಾದದ್ದು ಚಿಕ್ಕ ಮಾತು: ಸುಳ್ಳು ಹೇಳಿದವನು ನಾನು, ಅವನಲ್ಲ. ಇವತ್ತು ನಡುಮನೆಯಲ್ಲಿ ಒಬ್ಬನೇ ನಿಂತು ಅದನ್ನೊಮ್ಮೆ ಗಟ್ಟಿಯಾಗಿ ಅಂದು ನೋಡಿದೆ. ಅಂದ ಕೂಡಲೇ ಹಿತ್ತಲಿಗೆ ಓಡಿದೆ. ಕಮಲಿ ತೊಟ್ಟಿಯ ನೀರಿನಲ್ಲಿ ಕೈ ಬಡಿಯುತ್ತ ಆಡುತ್ತಿದ್ದಳು. ನನ್ನ ಮುಖ ನೋಡಿ, ತಾನೇನೋ ತಪ್ಪು ಮಾಡಿದೆನೆಂದುಕೊಂಡು, ಕೈ ಹಿಂದೆ ಮಾಡಿಕೊಂಡಳು.