ಶಾಲಿನ ಕೆಳಗಿನ ಚೀಲ

ಮುಂಬೈಯ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ನಿವೃತ್ತಿಯಾಗುವವರೆಗೂ ನಾನು ಸಿಸ್ಟರ್ ಆಗಿದ್ದೆ. ಹೊಸದಾಗಿ ಬಂದ ಹುಡುಗಿಯರನ್ನು ಮಂಚದ ಸುತ್ತ ನಿಲ್ಲಿಸಿಕೊಂಡು, ಗಾಯ ನೋಡುವ ಭರದಲ್ಲಿ ಮೂತ್ರದ ಚೀಲ ಮರೆಯಬೇಡಿ, ಚೀಲದ ಗಡಿಬಿಡಿಯಲ್ಲಿ ಬೆನ್ನಿನ ಚರ್ಮ ಮರೆಯಬೇಡಿ ಎಂದು ಭಾಷಣ ಬಿಗಿಯುತ್ತಿದ್ದೆ. ನೀರು ಕುಡಿಯುವುದಿಲ್ಲವೆಂದು ಹಟ ಮಾಡುವ ರೋಗಿಗಳು ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಲೋಟ ಎತ್ತುತ್ತಿದ್ದರು.

ಇಂಥ ನಾನು ಹೋದ ವರ್ಷ ದಾದರ್ ಸ್ಟೇಷನ್ನಿನ ಮೆಟ್ಟಿಲಲ್ಲಿ, ಒಂದು ಕೈಯಲ್ಲಿ ಬಸಳೆಯ ಕಟ್ಟು, ಇನ್ನೊಂದರಲ್ಲಿ ಫೋನು ಹಿಡಿದು ಮಾತಾಡುತ್ತಾ ಇಳಿಯುವಾಗ ಜಾರಿ ಬಿದ್ದೆ. ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮೂತ್ರಕ್ಕೆಂದು ಹಾಕಿದ್ದ ಕ್ಯಾಥೆಟರ್ ಕೊಳವೆ ತೆಗೆದ ಮೇಲೆ ತಾನಾಗಿ ಮೂತ್ರ ಹೋಗಲಿಲ್ಲ. ಮತ್ತೆ ಹಾಕಿ, ಚೀಲದ ಸಮೇತ ಅಂಧೇರಿಯ ಮನೆಗೆ ಕಳಿಸಿದರು.

ನೋಡಿಕೊಳ್ಳಲು ಇದ್ದವರು ನನ್ನ ಗಂಡ. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಆಯುಸ್ಸು ಕಳೆದವರು. ಅವರಿಗೆ ಮೊದಲ ದಿನವೇ ಹೇಳಿಬಿಟ್ಟೆ, ನನಗೆ ಎಲ್ಲ ಗೊತ್ತುಂಟು, ನೀವು ಗಂಜಿ ಮಾಡಿದರೆ ಸಾಕು ಎಂದು. ಮೈ ಮಗ್ಗುಲಾಗಿಸಲು ಬಂದರೆ, ನೋವಾಗುತ್ತದೆ, ಆಮೇಲೆ ನೋಡುವ ಎನ್ನುತ್ತಿದ್ದೆ. ಗಾಯದ ಮೇಲೆ ಮಾತ್ರ ಅತಿ ಮುತುವರ್ಜಿ. ಅವರು ಅಡುಗೆಮನೆಗೆ ಹೋದೊಡನೆ ಡ್ರೆಸಿಂಗಿನ ಅಂಚು ಎತ್ತಿ, ಕೈ ತೊಳೆಯದೆ, ಫೋನಿನ ಕ್ಯಾಮೆರಾದಲ್ಲಿ ಹೊಲಿಗೆ ಪರೀಕ್ಷಿಸುತ್ತಿದ್ದೆ. ನನ್ನ ವಾರ್ಡಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದೆ.

ಬಿಲ್ಡಿಂಗಿನ ಹೆಂಗಸರು ನೋಡಲು ಬರತೊಡಗಿದಾಗ ಶುರುವಾಯಿತು ಇನ್ನೊಂದು ಪೇಚು. ಮಂಚದ ಬದಿಯಲ್ಲಿ ಹಳದಿ ಚೀಲ ತೂಗಾಡುವುದನ್ನು ಅವರೆಲ್ಲ ನೋಡಬೇಕೆ? ಸಾವಿರಾರು ಜನರ ಚೀಲ ಖಾಲಿ ಮಾಡಿದವಳಿಗೆ ತನ್ನ ಚೀಲದ ಬಗ್ಗೆ ಅಷ್ಟು ನಾಚಿಕೆ. ಅದನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಶಾಲು ಹೊದ್ದೆ. ಅದು ಬೇಗ ತುಂಬದಿರಲೆಂದು ನೀರನ್ನೂ ಕಡಿಮೆ ಮಾಡಿದೆ.

ಡ್ರೆಸಿಂಗ್ ಬದಲಿಸಲು ಬರುತ್ತಿದ್ದ ನರ್ಸ್ ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಮನೆಯವರು ವಿಜಯಪುರದ ಕಡೆಯವರು. ನನ್ನ ಹಣೆ ಮುಟ್ಟಿದಳು, ಬಿಸಿಯಿತ್ತು. ಶಾಲು ಸರಿಸಿದಳು.

"ಆಂಟಿ, ಚೀಲ ಮ್ಯಾಲ ಯಾಕ ಇಟ್ಟೀರಿ? ಮೂತ್ರ ವಾಪಸ್ ಒಳಗ ಹೋಗ್ತದಲ್ರೀ."

ಗಾಳಿ ಸಿಗಲೆಂದು ಎಂದೆ. ಯಾವುದಕ್ಕೆ ಗಾಳಿ ಎಂದು ಅವಳು ಕೇಳಲಿಲ್ಲ, ಪುಣ್ಯ. ಚೀಲವನ್ನು ಕೆಳಗೆ ತೂಗುಹಾಕಿ ಡಾಕ್ಟರಿಗೆ ಫೋನು ಮಾಡಿದಳು. ಪರೀಕ್ಷೆ ಮಾಡಿಸಿದಾಗ ಮೂತ್ರದ ಸೋಂಕು ಎಂದು ತಿಳಿಯಿತು, ಮಾತ್ರೆ ಶುರುವಾಯಿತು.

ಅವತ್ತೇ ಮಗ್ಗುಲಾಗಿಸಿ ಮೈ ಒರೆಸುವಾಗ ಗಂಡ ಬಟ್ಟೆ ಬದಿಗಿಟ್ಟರು. ಬೆನ್ನಿನ ಕೆಳಗೆ ಬೆರಳು ಒತ್ತಿ ನೋಡಿದರು.

"ಇಲ್ಲಿ ಕೆಂಪಾಗಿ ಉಂಟಲ್ಲ ಮಾರಾಯ್ತಿ. ಒತ್ತಿದರೂ ಬಿಳಿ ಆಗುದಿಲ್ಲ. ಇದು ಹುಣ್ಣಾಗುವ ಮೊದಲಿನದ್ದಲ್ವಾ?"

ಒತ್ತಿ ನೋಡುವುದು ನಿಮಗೆ ಹೇಗೆ ಗೊತ್ತು ಎಂದೆ. ನಾನೇ ಊಟಕ್ಕೆ ಕೂತಾಗಲೆಲ್ಲ ಹೇಳಿ ಅವರ ಸಾರು ಕೆಡಿಸುತ್ತಿದ್ದೆನಂತೆ. ನನಗೆ ನಗು ಬಂತು, ಜೊತೆಗೆ ಹೆದರಿಕೆಯೂ. ಆ ಕೆಂಪು ಎಲ್ಲಿಗೆ ಹೋಗಿ ಮುಟ್ಟಬಹುದೆಂದು ನನ್ನಷ್ಟು ನೋಡಿದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಂದಿನಿಂದ ಅವರು ಹೇಳಿದ ಹಾಗೆ ಕೇಳಿದೆ. ಹೊತ್ತು ಹೊತ್ತಿಗೆ ಬಂದು ಮಗ್ಗುಲು ಬದಲಿಸುತ್ತಿದ್ದರು, ಬೆನ್ನಿಗೆ ದಿಂಬು ಕೊಡುತ್ತಿದ್ದರು. ಲೋಟ ಖಾಲಿಯಾದರೆ ಕೇಳದೆಯೇ ತುಂಬುತ್ತಿದ್ದರು. ನಾನು ಗೊಣಗಿದರೆ ಅವರಿಗೇನೂ ತಾಗುತ್ತಿರಲಿಲ್ಲ, ಹೋಟೆಲಿನಲ್ಲಿ ನನಗಿಂತ ಕೆಟ್ಟ ಗಿರಾಕಿಗಳನ್ನು ಕಂಡವರು. ಜ್ವರ ಇಳಿಯಿತು. ಕೆಂಪು ನಿಧಾನವಾಗಿ ಮಾಯವಾಯಿತು, ಚರ್ಮ ಒಡೆಯಲಿಲ್ಲ.

ಆಮೇಲೆ ಕ್ಯಾಥೆಟರ್ ತೆಗೆದರು. ವಾಕರ್ ಹಿಡಿದು ಬಾತ್ರೂಮಿಗೆ ಹೋಗಿ ಕೂತೆ. ಬಾಗಿಲು ಮುಚ್ಚಿಕೊಳ್ಳಲು ಬಿಡಲಿಲ್ಲ. ಗಂಡ ಹೊರಗೆ ಬೆನ್ನು ತಿರುಗಿಸಿ ನಿಂತರು, ಪಕ್ಕದಲ್ಲಿ ಆ ನರ್ಸ್ ಹುಡುಗಿ. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಆಯಿತು. ಹೊರಗಿನಿಂದ ಇಬ್ಬರೂ ಒಟ್ಟಿಗೆ ಉಸಿರುಬಿಟ್ಟದ್ದು ಕೇಳಿಸಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.